ಸಾಹೇಬರ ವೀಳ್ಯ ತಿಂದವನು

ನಮ್ಮೂರಿನಲ್ಲಿ ಯಾರನ್ನಾದರೂ ದೂರ ಇಡಬೇಕೆಂದರೆ ಬೈಯುವುದಿಲ್ಲ, ದಂಡ ಹಾಕುವುದಿಲ್ಲ. ವೀಳ್ಯದ ತಟ್ಟೆ ಅವನ ಮುಂದೆ ನಿಲ್ಲುವುದಿಲ್ಲ, ಅಷ್ಟೆ. ಪಕ್ಕದವನು ತನ್ನ ಎಲೆ ತೆಗೆದುಕೊಂಡು ತಟ್ಟೆಯನ್ನು ಅವನ ಮಂಡಿಯ ಮೇಲಿಂದ ಹಾಯಿಸಿ ಆಚೆಯವನಿಗೆ ಕೊಡುತ್ತಾನೆ. ಮಾತು ನಿಲ್ಲುವುದಿಲ್ಲ, ನಗು ನಿಲ್ಲುವುದಿಲ್ಲ. ಊಟ ಹಾಕುತ್ತಾರೆ, ಮಲಗಲು ಚಾಪೆ ಕೊಡುತ್ತಾರೆ. ಎಲೆ ಮಾತ್ರ ಇಲ್ಲ. ಹೊರಗಿನವರು ನೋಡಿದರೆ ಏನಾದರೂ ನಡೆಯಿತೆಂದೇ ತಿಳಿಯುವುದಿಲ್ಲ. ಕೂತವನಿಗೆ ತಿಳಿಯುತ್ತದೆ.

ನಮ್ಮ ಸಾಹೇಬರು ದಿಲ್ಲಿಯ ಪಾರ್ಲಿಮೆಂಟಿನಲ್ಲಿ ಇದ್ದಷ್ಟು ಕಾಲವೂ ನಾನು ಹಾಗೆ ಕೂತವನು. ಅವರು ಮೊದಲು ಮೆಂಬರ್ ಆದರು, ಆಮೇಲೆ ಉಪಮಂತ್ರಿ ಆದರು, ರಾಜ್ಯಮಂತ್ರಿ ಆದರು, ಕೊನೆಗೆ ಸಂಪುಟಕ್ಕೇ ಸೇರಿದರು. ಅವರು ಒಂದೊಂದು ಮೆಟ್ಟಿಲು ಹತ್ತಿದಾಗಲೂ ಮಧುಗಿರಿಯಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ಮಾರನೆಯ ವಾರ ಊರಿಗೆ ಹೋದರೆ ತಟ್ಟೆ ನನ್ನ ಮಂಡಿಯ ಮೇಲಿಂದಲೇ ಹೋಗುತ್ತಿತ್ತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವವರು ಬೇರೆ ಇದ್ದಾರೆ, ಓದಿದವರು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಇಟ್ಟು ಎದ್ದು ಬಂದವನು. ನನಗೆ ಗೊತ್ತಿರುವುದು ನನ್ನ ಪಾಲಿಗೆ ಬಂದಷ್ಟು.

ನಮ್ಮೂರು ಪಾವಗಡ ತಾಲ್ಲೂಕಿನ ಅಂಚಿನಲ್ಲಿದೆ. ರಾಯಚರ್ಲು ಕಡೆಯ ಬಯಲು ದಾಟಿ ಹೋಗಬೇಕು. ಅಲ್ಲಿಂದಾಚೆ ಆಂಧ್ರ. ಮನೆಮಾತು, ಜಗಳದ ಮಾತು, ದನ ಕರೆಯುವ ಮಾತು ಎಲ್ಲಾ ತೆಲುಗು. ಕನ್ನಡ ಎಂದರೆ ಕಚೇರಿ. ನನಗೆ ಕನ್ನಡ ಬಂದದ್ದು ಮಧುಗಿರಿಯ ಹುಣಸೆ ಮಂಡಿಯಲ್ಲಿ, ಮೂಟೆ ಹೊರುತ್ತಾ. ಅಪ್ಪ ತೀರಿಕೊಂಡ ಮೇಲೆ ಅಲ್ಲಿಗೆ ಬಂದೆ. ಬೆಟ್ಟದ ಬುಡದಲ್ಲಿ ಒಂದು ಕೋಣೆ ಹಿಡಿದೆ. ಬೇಸಿಗೆಯಲ್ಲಿ ಆ ಬೋಳು ಬಂಡೆ ಹಗಲೆಲ್ಲಾ ಕಾದು, ಕತ್ತಲಾದ ಮೇಲೂ ಬಿಸಿ ಉಗುಳುತ್ತಿತ್ತು. ಕೆಲವು ವರ್ಷದಲ್ಲಿ ಮೂಟೆ ಹೊರುವುದು ಬಿಟ್ಟು ಮರಗಳನ್ನೇ ಗುತ್ತಿಗೆ ಹಿಡಿದು, ಕಾಯಿ ಬಡಿಸಿ, ಬೀಜ ಬಿಡಿಸಿ ನಾನೇ ಮಂಡಿಗೆ ಹಾಕುವಂತಾದೆ. ಯಾರ ಕೈಕೆಳಗೂ ಇರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ಸಾಹೇಬರ ಹಿಂದೆ ಓಡಾಡಿದವನು ಎಂದರೆ ಜನ ಬೇರೆ ಥರ ತಿಳಿಯುತ್ತಾರೆ. ನಾನು ಅವರ ಆಳಾಗಿರಲಿಲ್ಲ. ಮಾತಿಗೆ ಕೂಲಿ ತೆಗೆದುಕೊಂಡವನೂ ಅಲ್ಲ.

ಮಾತು ಎಂದೆನಲ್ಲ, ಅದೇ ನನ್ನ ಕೆಲಸ. ಎಪ್ಪತ್ತರ ದಶಕ ಶುರುವಾದ ಹೊಸತು. ಸಾಹೇಬರು ಆಗ ಮಧುಗಿರಿ ಕೋರ್ಟಿನಲ್ಲಿ ವಕೀಲರು, ಮೊದಲ ಸಲ ಲೋಕಸಭೆಗೆ ನಿಂತಿದ್ದರು. ಪಾವಗಡದಲ್ಲಿ ಸಭೆ. ನಾನು ಹುಣಸೆ ತುಂಬಿಸಲು ಲಾರಿ ಜೊತೆ ಹೋಗಿದ್ದವನು, ಸಭೆ ನೋಡೋಣವೆಂದು ನಿಂತೆ. ಸಾಹೇಬರ ಕನ್ನಡವನ್ನು ತೆಲುಗಿಗೆ ಹೇಳಬೇಕಾಗಿದ್ದವರಿಗೆ ಹೊಟ್ಟೆ ಕೆಟ್ಟು ಬಂದಿರಲಿಲ್ಲ. ಹಳ್ಳಿಗಳಿಂದ ಬಂದ ಹೆಂಗಸರು, ಕುರಿ ಕಾಯುವ ಮುದುಕರು ಸಾಹೇಬರ ಮುಖವನ್ನೇ ನೋಡುತ್ತಾ ಕೂತಿದ್ದರು, ಏನೂ ಹತ್ತುತ್ತಿರಲಿಲ್ಲ. ಎರಡೂ ಬರೋರು ಯಾರಾದ್ರೂ ಇದ್ದೀರೇನ್ರಪ್ಪ ಎಂದು ಮೈಕಿನಲ್ಲಿ ಕೂಗಿದರು. ಮಂಡಿಯವನೊಬ್ಬ ನನ್ನ ಬೆನ್ನಿಗೆ ಕೈ ಹಾಕಿ ನೂಕಿದ.

ಮೈಮೇಲೆಲ್ಲಾ ಹುಣಸೆ ದೂಳು ಇಟ್ಟುಕೊಂಡೇ ಹತ್ತಿದೆ. ಸಾಹೇಬರು ಮಾತಿಗೆ ನಿಂತು ಎದೆ ಮುಟ್ಟಿಕೊಂಡು, "ನಾನು ನಿಮ್ಮ ಮನೆ ಮಗ" ಎಂದರು. ನಾನೂ ಎದೆ ಮುಟ್ಟಿಕೊಂಡು ಅದನ್ನೇ ತೆಲುಗಿನಲ್ಲಿ ಹೇಳಿದೆ, "ನೇನು ಮೀ ಬಿಡ್ಡನಿ." ಹಿಂದಿನಿಂದ ನಮ್ಮ ಬಾವನ ದನಿ ಕೇಳಿಸಿತು. ಬಾವ ಎಂದರೆ ನನ್ನ ಅಕ್ಕನ ಗಂಡ, ಊರಿನಲ್ಲಿ ಗಾಡಿ ಹೊಡೆಯುವವನು, ನನ್ನನ್ನು ಹಂಗಿಸಲೆಂದೇ ಹುಟ್ಟಿದವನು. ಅವನು ತೆಲುಗಿನಲ್ಲಿ ಹೇಳಿದ್ದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆದರೆ ಹೀಗೆ: "ಲೇ, ನೀನು ಯಾರ ಮಗ ಅಂತ ನಮ್ಗೆ ಗೊತ್ತು ಕಣ್ಲಾ! ಆವಯ್ಯನ್ ಸಮಾಚಾರ ಹೇಳು!"

ಸಭೆಯೆಲ್ಲಾ ನಕ್ಕಿತು. ಸಾಹೇಬರು ನನ್ನ ಕಡೆ ಬಗ್ಗಿ, "ಏನಂತೆ?" ಎಂದರು. ಹೇಳಿದೆ. ಅವರೂ ನಕ್ಕರು. ಆ ನಗುವಿನಿಂದಲೇ ನಾನು ಅವರ ಜೊತೆಯವನಾದೆ.

ಆಮೇಲೆ ಪ್ರತಿ ಚುನಾವಣೆಗೂ ಕರೆ ಬರುತ್ತಿತ್ತು. ಮಧುಗಿರಿ, ಕೊರಟಗೆರೆ, ಪುರವರದ ಕಡೆ ನನಗೆ ಕೆಲಸವಿಲ್ಲ, ಅವರ ಕನ್ನಡವೇ ಸಾಕು. ಶಿರಾದಲ್ಲಿ ಅವರೇ ನಾಲ್ಕು ಮಾತು ಉರ್ದು ಸೇರಿಸಿ ಜನರನ್ನು ಗೆದ್ದುಬಿಡುತ್ತಿದ್ದರು. ನಾನು ವೇದಿಕೆಯ ಹಿಂದೆ ಚಹಾ ಕುಡಿಯುತ್ತಾ ಹಾರ ಹಿಡಿದುಕೊಂಡು ನಿಂತಿರುತ್ತಿದ್ದೆ. ಪಾವಗಡ ತಾಲ್ಲೂಕು ಹತ್ತಿರವಾದಂತೆ ಜೀಪಿನಲ್ಲಿ ನನ್ನ ಜಾಗ ಹಿಂದಿನಿಂದ ಮುಂದಕ್ಕೆ ಬರುತ್ತಿತ್ತು. ಅಲ್ಲಿ ನಾನಿಲ್ಲದೆ ಅವರಿಗೆ ಬಾಯಿಲ್ಲ. ಬಡಾಯಿ ಎನ್ನಿ, ನಡೆದದ್ದೇ ಹಾಗೆ.

ಸಾಹೇಬರದು ಒಂದು ಅಭ್ಯಾಸ. ಯಾರು ಏನು ಕೊಟ್ಟರೂ, ಹಾರವೋ, ಹಣ್ಣೋ, ಎಳನೀರೋ, ಮುಟ್ಟಿ ನಮಸ್ಕಾರ ಮಾಡಿ ಪಕ್ಕದವರ ಕೈಗೆ ದಾಟಿಸುತ್ತಿದ್ದರು. ದಿನಕ್ಕೆ ಇಪ್ಪತ್ತು ಊರು ಸುತ್ತುವವರು ಎಲ್ಲವನ್ನೂ ತಿನ್ನಲು ಆಗುತ್ತದೆಯೇ? ಪಾವಗಡದ ಕಡೆ ಪಕ್ಕದವನು ನಾನು.

ಆ ಮೊದಲ ಚುನಾವಣೆಯಲ್ಲೇ ನಮ್ಮೂರಿಗೂ ಬಂದರು. ನಮ್ಮೂರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳವಿದೆ. ನೀರು ವರ್ಷಕ್ಕೆ ಎರಡು ಮೂರು ದಿನ ಹರಿದರೆ ಹೆಚ್ಚು. ಕಷ್ಟ ನೀರಿನದಲ್ಲ, ಮರಳಿನದು. ಅಗಲಕ್ಕೆ ಬಿದ್ದ ಮರಳು, ಗಾಡಿಯ ಗಾಲಿ ಅಚ್ಚಿನ ತನಕ ಹೂತುಹೋಗುತ್ತಿತ್ತು. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಗಾಡಿಯಿಂದ ಇಳಿಸಿ ನಡೆಸುತ್ತಿದ್ದರು. ನಮ್ಮ ಅಕ್ಕನನ್ನೂ ಹಾಗೆ ನಡೆಸಿದ್ದರು. ಮಗು ಉಳಿಯಲಿಲ್ಲ.

ಬೇವಿನ ಕಟ್ಟೆಯ ಮೇಲೆ ಸಭೆ. ಊರ ಯಜಮಾನ ನನ್ನ ಅಪ್ಪನ ಅಣ್ಣ. ನಾವು ಅವರನ್ನು ಪೆದ್ದನಾಯನ ಎನ್ನುತ್ತೇವೆ, ದೊಡ್ಡಪ್ಪ. ಕಡಿಮೆ ಮಾತಿನ ಮನುಷ್ಯ. ಎದ್ದು ನಿಂತು, ಹಳ್ಳಕ್ಕೆ ಒಂದು ಸೇತುವೆ ಆಗಬೇಕು ಎಂದರು. ನಾನು ಕನ್ನಡದಲ್ಲಿ ಹೇಳಿದೆ.

"ನೀರೇ ಇಲ್ದಿರೋ ಹಳ್ಳಕ್ಕೆ ಸೇತುವೆ ಯಾಕಯ್ಯ?" ಎಂದರು ಸಾಹೇಬರು, ಮೆಲ್ಲಗೆ.

"ಮರಳಿಗೆ ಸ್ವಾಮಿ," ಎಂದೆ.

ಅವರು ಬರುವಾಗ ಜೀಪು ಹೂತು ನಾವೆಲ್ಲಾ ನೂಕಿದ್ದೆವು. ನೆನಪಾಯಿತೋ ಏನೋ, ತಲೆಯಾಡಿಸಿದರು. ಮೈಕು ಹಿಡಿದು, "ನಾನು ಗೆದ್ರೆ ಈ ಹಳ್ಳಕ್ಕೆ ಸೇತುವೆ ಮಾಡಿಸಿಕೊಡ್ತೀನಿ. ಇದು ನನ್ನ ಮಾತು" ಎಂದರು. ನಾನೂ ಅಷ್ಟೇ ಗಟ್ಟಿಯಾಗಿ ತೆಲುಗಿನಲ್ಲಿ ಹೇಳಿದೆ. ನಮ್ಮೂರಿಗೆ ಸೇತುವೆ ಎಂದು ನನ್ನ ಬಾಯಲ್ಲೇ ಹೇಳುವ ಯೋಗ ಬಂದಿತ್ತು, ದನಿ ಇನ್ನೂ ಒಂದು ಕೈ ಮೇಲೇ ಹೋಗಿರಬೇಕು.

ಇಲ್ಲಿ ನಮ್ಮೂರಿನ ಪದ್ಧತಿ ಹೇಳಬೇಕು. ನಮ್ಮಲ್ಲಿ ಮಾತಿಗೆ ಕಾಗದವಿಲ್ಲ. ಹೆಣ್ಣು ಕೊಡುವುದಿರಲಿ, ಎತ್ತು ಮಾರುವುದಿರಲಿ, ಗಡಿಕಲ್ಲು ನೆಡುವುದಿರಲಿ, ಮಾತು ಮುಗಿದ ಮೇಲೆ ಯಜಮಾನ ವೀಳ್ಯ ಕೊಡುತ್ತಾನೆ. ಮಾತು ಕೊಟ್ಟವನು ಎಲ್ಲರ ಎದುರಿಗೆ ಅದನ್ನು ಬಾಯಿಗೆ ಹಾಕಿ ಅಗಿಯಬೇಕು. ಅಗಿದವನ ಮೇಲೆ ಮಾತು. ಆ ಮಾತು ನಡೆಯುವ ತನಕ ಅವನಿಗೆ ಊರಿನಲ್ಲಿ ಇನ್ನೊಂದು ಎಲೆ ಇಲ್ಲ. ಮೊದಲನೆಯದೇ ಇನ್ನೂ ಬಾಯಲ್ಲಿದೆ ಎಂದು ಲೆಕ್ಕ.

ಪೆದ್ದನಾಯನ ತಟ್ಟೆ ಹಿಡಿದು ಕಟ್ಟೆ ಹತ್ತಿದರು. ಸಾಹೇಬರು ಎಲೆಯನ್ನು ಕಣ್ಣಿಗೆ ಒತ್ತಿಕೊಂಡರು, ನಮಸ್ಕಾರ ಮಾಡಿದರು, ಅಭ್ಯಾಸದಂತೆ ನನ್ನ ಕೈಗೆ ದಾಟಿಸಿದರು. ಬೆಳಗಿನಿಂದ ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು. ಹಾಕಿಕೊಂಡೆ. ಅಗಿದೆ. ಪೆದ್ದನಾಯನ ನನ್ನನ್ನು ಒಂದು ಸಲ ನೋಡಿದರು. ಆ ನೋಟ ನನಗೆ ಹೆಮ್ಮೆಯ ನೋಟವೆಂದೇ ಕಂಡಿತು.

ಸಾಹೇಬರು ಗೆದ್ದು ದಿಲ್ಲಿಗೆ ಹೋದರು. ಮಾರನೆಯ ವಾರವೇ ಊರಿನಲ್ಲಿ ಒಂದು ನಾಮಕರಣ. ಎಲ್ಲರ ಜೊತೆ ಕೂತಿದ್ದೆ. ತಟ್ಟೆ ನನ್ನ ಮಂಡಿಯ ಮೇಲಿಂದ ಹೋಯಿತು. ಮರೆತರು ಎಂದುಕೊಂಡು ಕೈ ಚಾಚಿದೆ. ತಟ್ಟೆ ಆಗಲೇ ಆಚೆಗೆ ಹೋಗಿತ್ತು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಮೀಸೆ ಸವರಿಕೊಂಡೆ.

ಎದ್ದು ಹೊರಗೆ ಬಂದಾಗ ಬಾವ ಎತ್ತಿನ ಕೊರಳಿಗೆ ಹಗ್ಗ ಕಟ್ಟುತ್ತಿದ್ದ. "ಯಾಕ್ ಬಾಮೈದ, ಬಾಯಿ ಖಾಲಿ?" ಎಂದ.

"ತಟ್ಟೆ ಬರ್ಲಿಲ್ಲ."

"ಯೆಂಗ್ ಬತ್ತದೆ? ಸೇತುವೆ ಎಲೆ ಇನ್ನೂ ನಿನ್ ಬಾಯಾಗೇ ಐತಲ್ಲ. ಉಗುಳು, ಇಲ್ಲ ನುಂಗು."

"ಮಾತು ಕೊಟ್ಟಿದ್ದು ಸಾಹೇಬ್ರು, ಬಾವ."

"ಆವಯ್ಯ ಏನಂದ್ನೋ ನಮ್ಗೇನು ಗೊತ್ತು? ನಮ್ ಕಿವಿಗ್ ಬಿದ್ದಿದ್ದು ನಿನ್ ಮಾತು. ನಮ್ ಕಣ್ಣಿಗ್ ಬಿದ್ದಿದ್ದು ನೀನು ಅಗ್ದಿದ್ದು."

ಅವನು ನಗುತ್ತಲೇ ಹೇಳಿದ. ಅಂದಿನಿಂದ ನಾನು ಊರಿಗೆ ಬಂದಾಗಲೆಲ್ಲಾ ಹಳ್ಳದ ದಂಡೆಯಲ್ಲಿ ಅವನದು ಒಂದೇ ಕೂಗು: "ಏಮ್ ಬಾಮ್ಮರ್ದಿ, ಬ್ರಿಡ್ಜಿ ಮೀದ ವಚ್ಚಿನಾವಾ?" ಸೇತುವೆ ಮೇಲೆ ಬಂದೆಯಾ ಎಂದು. ನಾನು ಮರಳು ಉದುರಿಸಿಕೊಳ್ಳುತ್ತಾ, "ಹೂಂ, ಕಾರ್ನಾಗೆ ಬಂದೆ" ಎನ್ನುತ್ತಿದ್ದೆ.

ಇದರಿಂದ ಬಿಡಿಸಿಕೊಳ್ಳುವ ದಾರಿಯೂ ಇತ್ತು. ಅದನ್ನು ಹೇಳಿದವರು ನನ್ನ ಅಮ್ಮ. ಒಂದು ಸಂಜೆ ಒಲೆಯ ಮುಂದೆ ಕೂತು, "ಒಕ್ಕ ಮಾಟ ಚೆಪ್ಪರಾ" ಎಂದರು, ಒಂದೇ ಒಂದು ಮಾತು ಹೇಳೋ. "ಕಟ್ಟೆ ಮುಂದೆ ನಿಂತ್ಕೊ. ಆ ಮಾತು ನಂದಲ್ಲ, ನಾನು ಬರೀ ಬಾಯಿ, ನಂಗೂ ಅದ್ಕೂ ಸಂಬಂಧ ಇಲ್ಲ ಅನ್ನು. ನಿಮ್ಮ ಪೆದ್ದನಾಯನ ಅಷ್ಟಕ್ಕೇ ಕಾಯ್ತಾ ಇದ್ದಾರೆ. ನಾಳೆಯಿಂದ್ಲೇ ಎಲೆ ಕೊಡ್ತಾರೆ."

ನನ್ನ ಕೈಲಾಗಲಿಲ್ಲ. ಬರೀ ಬಾಯಿ ಎಂದರೆ ಏನು? ಮೈಕಿನ ಕೊಳವೆಯೇ ನಾನು? ನಮ್ಮೂರಿಗೆ ಸೇತುವೆ ಎಂದು ಹೇಳಿದಾಗ ಹೊಟ್ಟೆಯೊಳಗಿಂದ ಹೇಳಿದ್ದೆ. ತಿಂದದ್ದು ನಿಜ. ತಿಂದು ಇಲ್ಲವೆನ್ನುವವನಿಗೆ ಎಲೆ ಕೊಟ್ಟರೆ ಅದು ಯಾಕೆ ಬೇಕು? "ಸೇತುವೆ ಆಗ್ತದೆ ಬುಡಮ್ಮ, ಆಮೇಲೆ ತಿಂತೀನಿ" ಎಂದೆ. ಅಮ್ಮ ಒಲೆಗೆ ಕಡ್ಡಿ ನೂಕಿದರು. ಮತ್ತೆ ಆ ಮಾತು ಎತ್ತಲಿಲ್ಲ.

ಸಾಹೇಬರು ಎರಡನೇ ಸಲ ಗೆದ್ದು ಉಪಮಂತ್ರಿಯಾದಾಗ ಅವರಿಗೆ ಸಿಕ್ಕಿದ್ದು ಮೀನಿನ ಕೆಲಸ. ಬಾವನಿಗೆ ಹಬ್ಬ. "ಹಳ್ಳದಾಗ್ ಕಪ್ಪೆ ಇಲ್ಲ, ನಮ್ಮೋನು ಮೀನ್ ಮಂತ್ರಿ" ಎಂದು ಸಂತೆಯಲ್ಲೆಲ್ಲಾ ಹೇಳಿಕೊಂಡು ಬಂದ. ನಾನು ದಿಲ್ಲಿಗೆ ಹೋಗುವುದೆಂದು ತೀರ್ಮಾನ ಮಾಡಿದೆ. ಹೊಸ ಹುಣಸೆಹಣ್ಣು ಒಂದು ಗಂಟು ಕಟ್ಟಿಕೊಂಡು ರೈಲು ಹತ್ತಿದೆ. ದಾರಿಯುದ್ದಕ್ಕೂ ಒಂದೊಂದು ಸ್ಟೇಷನ್ನಿನಲ್ಲೂ ಮಾತು ಬದಲಾಗುತ್ತಾ ಹೋಯಿತು. ಆಂಧ್ರ ಮುಗಿದ ಮೇಲೆ ನನ್ನ ಎರಡು ಭಾಷೆಯಲ್ಲಿ ಯಾವುದೂ ನೀರು ಕೇಳುವುದಕ್ಕೂ ಬರಲಿಲ್ಲ. ಕೈಸನ್ನೆ ಮಾಡಿದೆ. ಅಷ್ಟು ಜನರ ನಡುವೆ ಎರಡು ದಿನ ಬಾಯಿ ಬಿಡದೆ ಕೂತದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಸಾಹೇಬರ ಬಂಗಲೆ ದೊಡ್ಡದು. ಮುಂದೆ ಹುಲ್ಲು, ಹಿಂದೆ ಬೇವಿನ ಮರ. ಅವರ ಮನೆಯವರು ಮಧುಗಿರಿಯಲ್ಲೇ ಇದ್ದರು, ಮಕ್ಕಳ ಓದಿಗೆಂದು. ಸಾಹೇಬರು ಸಂಜೆ ಬಂದು ನನ್ನನ್ನು ಕಂಡವರೇ, "ಏನಯ್ಯಾ, ನೀನಾ! ಬಾ ಬಾ, ಕೂತ್ಕೋ. ಒಂದೆರಡು ಮಾತಾಡು. ಮಧುಗಿರಿ ಮಾತು ಕೇಳಿ ಎಷ್ಟು ದಿನ ಆಯ್ತು" ಎಂದರು. ಹುಣಸೆಹಣ್ಣಿನ ಗಂಟು ಬಿಚ್ಚಿ ಮೂಗಿಗೆ ಹಿಡಿದುಕೊಂಡರು. ಅಡಿಗೆಯವನಿಗೆ ಸಾರು ಮಾಡಲು ಹೇಳಿದರು. ಅವನು ಬಡಕಲು ಉತ್ತರದವನು, ಆ ಹಣ್ಣನ್ನು ನೋಡಿದ ರೀತಿಯಲ್ಲೇ ಸಾರಿನ ಗತಿ ನನಗೆ ತಿಳಿಯಿತು.

ಊಟದ ಮೇಲೆ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿದರು. ನಾನು ಕೇಳಿದೆ, ಇಲ್ಲಿ ಸಭೆಯಲ್ಲಿ ನಿಮ್ಮ ಮಾತು ಯಾರು ಹೇಳುತ್ತಾರೆ ಎಂದು. ಅವರು ನಕ್ಕರು.

"ಇಲ್ಲಿ ನಾನು ಎದ್ದು ನಿಂತು ಇಂಗ್ಲಿಷ್‌ನಲ್ಲಿ ಮಾತಾಡ್ತೀನಿ. ಗಾಜಿನ ಗೂಡೊಳಗೆ ಯಾರೋ ಕೂತು ಹಿಂದಿಯಲ್ಲಿ ಹೇಳ್ತಾರೆ. ಕಿವಿಗೆ ಹಾಕ್ಕೊಂಡೋರು ಕೇಳ್ತಾರೆ, ಬೇಡ್ದೋರು ಕಿತ್ತಿಡ್ತಾರೆ. ಅವನ ಮುಖ ನಾನು ಒಂದ್ಸಲವೂ ನೋಡಿಲ್ಲ ಕಣಯ್ಯ. ನಾನು ತಪ್ಪು ಮಾತಾಡಿದ್ರೆ ಜನ ಇಲ್ಲಿ ನಗಲ್ಲ. ಸರಿಯಾಗಿ ಮಾತಾಡಿದ್ರೂ ನಗಲ್ಲ."

ಗಾಜಿನ ಗೂಡಿನಲ್ಲಿ ಕೂತ ಆ ಮನುಷ್ಯನನ್ನು ನಾನು ಬಹಳ ದಿನ ನೆನೆಸಿಕೊಂಡಿದ್ದೇನೆ. ಸಂಜೆ ಮನೆಗೆ ಹೋದರೆ ಅವನನ್ನು ಯಾರೂ ಸೇತುವೆ ಎಲ್ಲಿ ಎಂದು ಕೇಳುವುದಿಲ್ಲ. ಪುಣ್ಯವಂತ ಎಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ, ಹಾಗಲ್ಲವೇನೋ ಎಂದೂ ಅನ್ನಿಸಿತು.

ಸೇತುವೆಯ ಮಾತು ಎತ್ತಿದೆ. ಎಲೆಯ ವಿಷಯ ಹೇಳಲಿಲ್ಲ. ಹೇಳಿದ್ದರೆ ಅದು ನನಗಾಗಿ ಬೇಡಿದಂತೆ ಆಗುತ್ತಿತ್ತು. ಸಾಹೇಬರು ಕಣ್ಣು ಮುಚ್ಚಿ ಕೂತು ಕೇಳಿ, "ಅದು ತಾಲ್ಲೂಕು ಬೋರ್ಡಿನ ಕೆಲಸ ಕಣಯ್ಯ. ಇಲ್ಲಿಂದ ನಾನು ಸಮುದ್ರಕ್ಕೆ ಬೇಕಾದ್ರೆ ಏನಾದ್ರೂ ಮಾಡಬಹುದು, ನಿಮ್ಮ ಹಳ್ಳಕ್ಕೆ ಆಗಲ್ಲ. ಆದ್ರೂ ಬರೆಸ್ತೀನಿ" ಎಂದರು.

ಬರೆಸಿದರು, ಅದು ಸುಳ್ಳಲ್ಲ. ಒಬ್ಬ ಇಂಜಿನಿಯರ್ ಬಂದು ಹಳ್ಳ ನೋಡಿ, ಮರಳು ಕೆದಕಿ, ಬಾವನ ಮನೆಯಲ್ಲಿ ಮಜ್ಜಿಗೆ ಕುಡಿದು ಹೋದರು. ಅಷ್ಟೇ. ಆಮೇಲೆ ಸಾಹೇಬರು ರಾಜ್ಯಮಂತ್ರಿಯಾದರು, ಖಾತೆಗಳು ಬದಲಾದವು, ಸಂಪುಟಕ್ಕೆ ಹೋದರು. ಮೊದಲು ವಕೀಲರಾಗಿದ್ದಾಗ ತಾಲ್ಲೂಕು ಕಚೇರಿಗೆ ನಡೆದು ಹೋಗಿ ಜಗಳವಾಡಿ ಒಂದು ಬಾವಿಯನ್ನಾದರೂ ಮಾಡಿಸುತ್ತಿದ್ದರು. ಈಗ ಅವರು ಬಂದರೆ ತಾಲ್ಲೂಕು ಕಚೇರಿಯೇ ಎದ್ದು ಬಂದು ಕೈಕಟ್ಟಿ ನಿಲ್ಲುತ್ತಿತ್ತು. ಎಲ್ಲರೂ ಆಗಲಿ ಸಾರ್ ಎನ್ನುತ್ತಿದ್ದರು. ನಡುವಿನ ಚುನಾವಣೆಗಳಲ್ಲಿ ನಮ್ಮೂರಿನವರಿಗೂ ಡಾಂಬರು ರಸ್ತೆಯಲ್ಲೇ ಸಭೆ ಮಾಡಿ ಹೋದರು, ಹಳ್ಳ ದಾಟಲಿಲ್ಲ. ಅವರು ದೊಡ್ಡವರಾದಷ್ಟೂ ನಮ್ಮ ಹಳ್ಳ ಅವರ ಕೈಯಿಂದ ದೂರವಾಯಿತು.

ಅಷ್ಟರಲ್ಲಿ ನಮ್ಮ ಅಣ್ಣನ ಮಗಳಿಗೆ ಗಂಡು ಗೊತ್ತಾಯಿತು. ಅಣ್ಣ ಊರಿನಲ್ಲೇ ಬೇಸಾಯ ಮಾಡಿಕೊಂಡಿದ್ದ. ಆ ಹುಡುಗಿ ನನ್ನ ಹೆಗಲ ಮೇಲೆ ಬೆಳೆದವಳು. ನನಗೆ ಸಂಸಾರವಾಗಿರಲಿಲ್ಲ. ನಮ್ಮವರಲ್ಲಿ ಹೆಣ್ಣು ಕೇಳಲು ಹೋದರೆ ಮೊದಲು ಮುಂದಿಡುವುದು ವೀಳ್ಯ. ಅದನ್ನು ಹಿಡಿಯಲಾಗದವನು ಹೋಗುವುದು ಹೇಗೆ? ಇದನ್ನು ಯಾರ ಮುಂದೆಯೂ ಹೇಳಿಕೊಂಡವನಲ್ಲ, ಇಲ್ಲಿ ಬರೆದಿದ್ದೇನೆ, ಸಾಕು. ಅಣ್ಣನ ಮಗಳ ನಿಶ್ಚಿತಾರ್ಥದ ದಿನ, ಹುಡುಗಿಯ ಚಿಕ್ಕಪ್ಪ ಗಂಡಿನ ಕಡೆಯವರಿಂದ ಎಲೆ ಹಿಡಿಯಬೇಕು. ಗಂಡಿನ ಕಡೆಯ ಮುದುಕ ಕೊರಟಗೆರೆ ಸೀಮೆಯವನು, ನಮ್ಮೂರಿನ ಪದ್ಧತಿ ಅರಿಯದವನು, "ಚಿಕ್ಕಪ್ಪ ಅನ್ನೋರು ಯಾರಪ್ಪ? ಬನ್ನಿ, ಹಿಡೀರಿ" ಎಂದು ತಟ್ಟೆ ಚಾಚಿದ.  ಹುಡುಗಿ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು.

"ಹಲ್ಲುನೋವು," ಎಂದು ಬಾವ ಮುಂದೆ ಬಂದು ಎಲೆ ಹಿಡಿದ. "ಈವಯ್ಯಂಗೆ ಹಲ್ಲುನೋವು ಸಾಮಿ. ಭಾಷಣ ಮಾಡಿ ಮಾಡಿ ಸವ್ದೋಗವೆ."

ಎಲ್ಲರೂ ನಕ್ಕರು. ಜೀವನವೆಲ್ಲಾ ನನ್ನನ್ನು ಹಂಗಿಸಿದ ಬಾವ ಆ ದಿನ ನನ್ನ ಮಾನ ಕಾಪಾಡಿದ. ನಾನು ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನು ಸವರುತ್ತಾ ನಿಂತಿದ್ದೆ, ಊಟಕ್ಕೆ ಕರೆಯುವ ತನಕ. ಅದೇ ವರ್ಷ ಅಮ್ಮ ತೀರಿಕೊಂಡರು. ತಿಥಿಯ ದಿನ ಬಂದವರಿಗೆಲ್ಲಾ ನಾನೇ ಎಲೆ ಕೊಟ್ಟೆ. ತೆಗೆದುಕೊಂಡರು. ನಾನು ಕೊಡಬಹುದು, ನನಗೆ ಕೊಡುವಂತಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಸಾಹೇಬರ ಕೊನೆಯ ಚುನಾವಣೆ. ಕೊನೆಯದೆಂದು ಆಗ ಯಾರೂ ಹೇಳಿರಲಿಲ್ಲ, ಆದರೆ ಗಾಳಿಯಲ್ಲಿ ಇತ್ತು. ಶಿರಾದಲ್ಲಿ ಜನ ಕಡಿಮೆ. ಕೊರಟಗೆರೆಯಲ್ಲಿ ಹುಡುಗರು ಕಾರಿನ ಮೇಲೆ ಕೈ ಬಡಿದು ಕೂಗಿದರು. ಸಾಹೇಬರಿಗೆ ವಯಸ್ಸಾಗಿತ್ತು, ಕಟ್ಟಿಸಿದ ಹಲ್ಲು, ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿಯುತ್ತಿದ್ದರು. ನಮ್ಮೂರಿಗೆ ಬರುವಾಗ ಅಂಬಾಸಡರ್ ಕಾರು ಹಳ್ಳದ ನಡುವೆ ಹೂತು ನಿಂತಿತು.

ದಂಡೆಯಲ್ಲಿ ಬಾವ ಎತ್ತು ಕಟ್ಟಿಕೊಂಡು ಕಾದಿದ್ದವನಂತೆ ಬಂದ. ಅವನಿಗೂ ತಲೆ ಬೆಳ್ಳಗಾಗಿತ್ತು. ಹಗ್ಗ ಬಿಗಿಯುತ್ತಾ ತನ್ನ ಹರಕು ಕನ್ನಡದಲ್ಲಿ ನೇರವಾಗಿ ಸಾಹೇಬರಿಗೇ ಹೇಳಿದ. "ಸಾಮಿ, ಬ್ರಿಡ್ಜಿ ಮೇಲ್ ಬರ್ಬೇಕಿತ್ತು. ಯಾಕ್ ಮರಳ್ನಾಗ್ ಬಂದ್ರಿ?"

"ಬ್ರಿಡ್ಜಿ ಎಲ್ಲಯ್ಯ ಇದೆ?"

"ಅದೇ ಸಾಮಿ ನಾವೂ ಕೇಳೋದು. ನಿಮ್ ಎಲೆ ಈವಯ್ಯ ತಿಂದ್ಬುಟ್ಟ. ಅದುಕ್ಕೆ ಊರ್ನಾಗೆ ಈವಯ್ಯಂಗೆ ಎಲೆ ಇಲ್ಲ. ಅಣ್ಣನ್ ಮಗಳ್ ಮದುವೇಗೂ ಇಲ್ಲ. ಅಮ್ಮ ಸತ್ರೂ ಇಲ್ಲ. ನೀವ್ ಕೈ ದಾಟ್ಸಿದ್ರಿ, ಈವಯ್ಯ ಬಾಯಿಗ್ ಹಾಕ್ಕಂಡ. ಅಂಗೆ ಕೂತವ್ನೆ."

ಬಾವಾ ಸುಮ್ಮನಿರು ಎಂದೆ. ಅವನು ಎತ್ತಿಗೆ ಕೂಗು ಹಾಕಿದ. ಕಾರು ಅಲುಗಿತು. ಸಾಹೇಬರು ಹತ್ತಲಿಲ್ಲ, ಮರಳಿನಲ್ಲೇ ನಡೆದರು. ನಾನು ಪಕ್ಕದಲ್ಲಿ. ಸ್ವಲ್ಪ ದೂರ ಹೋದ ಮೇಲೆ ಕೇಳಿದರು.

"ನಿಜವೇನಯ್ಯ?"

"ಹೌದು ಸ್ವಾಮಿ."

"ಅವತ್ತಿಂದ?"

"ಹೂಂ."

"ದಿಲ್ಲಿಗೆ ಬಂದಿದ್ದೆ. ಮನೇಲಿ ಉಂಡೆ. ಇದನ್ನ ಯಾಕೆ ಹೇಳಲಿಲ್ಲ?"

"ತಿಂದೋನು ನಾನು ಸ್ವಾಮಿ."

 ಮರಳಿನಲ್ಲಿ ಅವರ ಚಪ್ಪಲಿ ಕಳಚಿತು. ಬಗ್ಗಿ ಎತ್ತಿಕೊಳ್ಳಲು ಹೋದೆ, ಬೇಡವೆಂದು ತಾವೇ ಎತ್ತಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಿನಲ್ಲಿ ಊರು ಸೇರಿದರು.

ಬೇವಿನ ಕಟ್ಟೆಯಲ್ಲಿ ಜನ ಅರ್ಧಕ್ಕರ್ಧ ಇದ್ದರು. ಸಾಹೇಬರು ಮಾತಾಡಿದರು, ನಾನು ಹೇಳಿದೆ. ಇಬ್ಬರ ದನಿಯೂ ಮೊದಲಿನಂತಿರಲಿಲ್ಲ. ಮುಗಿದ ಮೇಲೆ ಪೆದ್ದನಾಯನ ಎದ್ದರು. ಅವರಿಗೆ ಕಣ್ಣು ಮಂಜಾಗಿತ್ತು, ಮೊಮ್ಮಗಳ ಕೈ ಹಿಡಿದುಕೊಂಡು ತಟ್ಟೆ ತಂದರು. ಸಾಹೇಬರು ಎಲೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ನಮಸ್ಕಾರ ಮಾಡಿದರು. ಅವರ ಕೈ ಅದರ ಪಾಡಿಗೆ ನನ್ನ ಕಡೆ ಅರ್ಧ ಬಂದಿತು.

ನಿಂತಿತು. ವಾಪಸು ಹೋಯಿತು. ಸಾಹೇಬರು ಎಲೆಯನ್ನು ತಮ್ಮ ಬಾಯಿಗೆ ಹಾಕಿಕೊಂಡರು.

ಕಟ್ಟಿಸಿದ ಹಲ್ಲಿಗೆ ಅಡಿಕೆ ಸಿಕ್ಕುತ್ತಿರಲಿಲ್ಲ. ಅವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಿಸುತ್ತಾ ಅಗಿದರು. ಕೆಂಪು ರಸ ಬಿಳಿ ಜುಬ್ಬಾದ ಮೇಲೆ ಇಳಿಯಿತು. ಮುಂದೆ ಕೂತ ಹುಡುಗರು ಕಿಸಕ್ಕೆಂದರು. ಪೆದ್ದನಾಯನ ಕದಲದೆ ನಿಂತು, ಅಗಿಯುವ ಸದ್ದನ್ನು ಕೇಳುತ್ತಾ ಕಾದರು.

ನುಂಗಿದ ಮೇಲೆ ಸಾಹೇಬರು ಮೈಕಿಲ್ಲದೆ ಹೇಳಿದರು. "ಸೇತುವೆ ನನ್ನ ಕೈಲಿ ಆಗಲಿಲ್ಲ. ಇನ್ನು ಆಗ್ತದೆ ಅಂತ ಸುಳ್ಳು ಹೇಳಲ್ಲ. ಮಾತು ಮಾತ್ರ ನಂದು. ಇವನದಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತೆಲುಗಿನಲ್ಲಿ ಹೇಳಬೇಕಿತ್ತು.  ಅಮ್ಮ ಒಲೆಯ ಮುಂದೆ ಬೇಡಿದ್ದು ಇದೇ ಮಾತು. ಇಷ್ಟು ವರ್ಷ ಹಲ್ಲು ಕಚ್ಚಿ ಹೇಳದೆ ಉಳಿಸಿಕೊಂಡಿದ್ದನ್ನು ಈಗ ನನ್ನ ಬಾಯಿಂದಲೇ ಹೇಳುವುದು ಹೇಗೆ? ಸಾಹೇಬರು ನನ್ನ ಮುಖ ನೋಡಿದರು. ಹೇಳು ಎನ್ನಲಿಲ್ಲ.

ಬಾವನೇ ಕೂಗಿದ, ತೆಲುಗಿನಲ್ಲಿ. "ಹೇಳ್ಬೇಕಾಗಿಲ್ಲ ಕುಂತ್ಕೋ ಲೇ! ಇಷ್ಟ್ ವರ್ಷ ಒಂದೊಂದ್ ಮಾತೂ ಎರಡೆರಡ್ ಸಲ ಕೇಳಿದೀವಿ. ಅಷ್ಟು ಕನ್ನಡ ನಮ್ಗೂ ಬಂದೈತೆ!"

ಜನ ಹೋ ಎಂದು ನಕ್ಕರು. ಪೆದ್ದನಾಯನ ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು. ಕಣ್ಣು ಕಾಣದವರ ಕೈ, ತಟ್ಟೆ ನನ್ನ ಎದೆಗೆ ಬಂದು ತಾಗಿತು. ತೆಗೆದುಕೊಂಡೆ. ಸುಣ್ಣ ಹೆಚ್ಚಾಗಿತ್ತು, ನಾಲಿಗೆ ಸುಟ್ಟಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆಗಲೇ ಎದ್ದು ದನ ಕಟ್ಟಲು ಹೊರಟಿದ್ದರು.

ಸಾಹೇಬರು ಸೋತರು. ನಮ್ಮೂರಿನ ಮತಪೆಟ್ಟಿಗೆಯಲ್ಲೂ ಸೋತರು ಎಂದು ಆಮೇಲೆ ಕೇಳಿದೆ. ದಿಲ್ಲಿಯ ಮನೆ ಖಾಲಿ ಮಾಡಿ ಮಧುಗಿರಿಗೆ ಬಂದ ಮೇಲೆ ಒಂದು ದಿನ ನೋಡಲು ಹೋದೆ. ಜಗಲಿಯಲ್ಲಿ ಒಬ್ಬರೇ ಕೂತು ಬೆಟ್ಟ ನೋಡುತ್ತಿದ್ದರು. ಮೊದಲಾಗಿದ್ದರೆ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ ಆ ಮನೆ ಮುಂದೆ.

"ಈಗ ಎಲೆ ಕೊಡ್ತಾರೇನಯ್ಯ?" ಎಂದರು.

"ಕೊಡ್ತಾರೆ ಸ್ವಾಮಿ."

"ನಾನು ಹೋದ್ರೆ?"

ಸುಳ್ಳು ಹೇಳಲು ಬರಲಿಲ್ಲ. "ಇಲ್ಲ ಸ್ವಾಮಿ. ನಿಮಗೆ ಕೊಡಲ್ಲ."

ಅವರು ನಕ್ಕರು. ಆ ಮೊದಲ ಸಭೆಯ ನಗುವೇ. "ಅದು ಸರಿ. ಹಂಗೇ ಇರ್ಬೇಕು" ಎಂದು ಬೆಟ್ಟದ ಕಡೆ ತಿರುಗಿದರು. ಅವರು ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ನನ್ನನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಹುಣಸೆ ಇತ್ತು, ಕೆಲಸ ಇತ್ತು.

ಮುಂದಿನ ಸುಗ್ಗಿ ಮುಗಿದ ಮೇಲೆ ಊರಿಗೆ ಹೋದೆ. ಬಸ್ಸಿಳಿದು ಹಳ್ಳಕ್ಕೆ ಇಳಿದೆ. ಮರಳು ಕಾದಿತ್ತು. ಆಚೆ ದಂಡೆಯಲ್ಲಿ ಬಾವ ಗಾಡಿ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ. ದೂರದಿಂದಲೇ ಅವನ ಕೂಗಿಗೆ ಉತ್ತರ ಸಿದ್ಧ ಮಾಡಿಕೊಂಡೆ. ಈ ಸಲ ವಿಮಾನದಲ್ಲಿ ಬಂದೆ ಎನ್ನೋಣವೆಂದು. ನಡುಹಳ್ಳಕ್ಕೆ ಬಂದೆ, ಅವನು ಕೂಗಲಿಲ್ಲ. ದಂಡೆ ಹತ್ತಿದೆ.

"ಬಾಗುಂಡಾವಾ?" ಎಂದ. ಚೆನ್ನಾಗಿದ್ದೀಯಾ ಎಂದು, ನೆಂಟರನ್ನು ಕೇಳುವ ಹಾಗೆ.

ಚೆನ್ನಾಗಿದ್ದೇನೆ ಎಂದೆ. ಬಗ್ಗಿ ಕಾಲಿನ ಮರಳು ಉದುರಿಸಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತೆ, ಇನ್ನೇನಾದರೂ ಕೇಳುತ್ತಾನೇನೋ ಎಂದು. ಅವನು ಎತ್ತಿನ ಬೆನ್ನು ತಟ್ಟಿ ಗಾಡಿ ಹತ್ತಿದ.